ಒಂಬತ್ತನೆಯ ಏಣು

೪ ಜೂನ್

ತಂಗಿಗೆ ಆಶೀರ್ವಾದಗಳು.

ಹನ್ನೊಂದು ವರ್ಷಗಳ ನಂತರ ಬರೆಯುವ ಪತ್ರಕ್ಕೆ ಪೀಠಿಕೆ ಎಷ್ಟು ಉದ್ದವಿದ್ದರೂ ಸಾಲದು. ಆದುದರಿಂದ ಪೀಠಿಕೆಯನ್ನೇ ಬಿಟ್ಟಿದ್ದೇನೆ. ನಿನ್ನಿಂದ ನನಗೊಂದು ಕೆಲಸ ಆಗಬೇಕಾಗಿದೆ.

ಶಾಲೆಯಿಂದ ನಿವೃತ್ತಳಾದ ಮೇಲೆ ಮಕ್ಕಳಿಗಾಗಿ ಕಡಲ ಚಿಪ್ಪುಗಳ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅರವತ್ತನಾಲ್ಕು ಚಿಪ್ಪುಗಳ ವಿವರಣೆ ಮುಗಿದಿದೆ. ಉಳಿದಿರುವುದು ಒಂದೇ, ನಮ್ಮ ಬೈರಿಗೆ. ಆ ಹೆಸರಿಟ್ಟವಳು ನೀನು. ಆಗ ನಿನಗೆ ಏಳು ವರ್ಷ. ಬಡಗಿ ಬೈರಿಗೆಯಿಂದ ಹಲಗೆ ಕೊರೆಯುವುದನ್ನು ಬೆಳಗ್ಗೆ ನೀನು ಕಣ್ಣರಳಿಸಿ ನೋಡಿದ್ದೆ. ಸಂಜೆ ಕಡಲಂಚಿನ ಬಂಡೆಯ ಮೇಲೆ, ಈ ಪುಟ್ಟ ಬಸವನಹುಳು ಮತ್ತೊಂದು ಚಿಪ್ಪಿಗೆ ದುಂಡಗೆ ತೂತು ಕೊರೆದು ಒಳಗಿನ ಜೀವವನ್ನು ತಿಂದುಬಿಡುತ್ತದೆಂದು ನಾನು ಹೇಳಿದಾಗ, "ಹಾಗಾದ್ರೆ ಇದೂ ಬೈರಿಗೇನೇ" ಎಂದಿದ್ದೆ. ಶಾಸ್ತ್ರದ ಹೆಸರಿಗಿಂತ ಮಕ್ಕಳಿಗೆ ಅದೇ ಹಿಡಿಸೀತು.

ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಆ ಪುಟ ಮಾಸಿಹೋಗಿದೆ. ನಿಮ್ಮ ಸಂಗ್ರಹಾಲಯದಲ್ಲಿ ಹೆಚ್ಚುವರಿ ಇರುವವುಗಳಿಂದ ಮೂರು ಚಿಪ್ಪು ಕಳುಹಿಸು. ಚಿಪ್ಪನ್ನು ಕೈಯಲ್ಲಿ ಹಿಡಿಯದೆ ನಾನು ಒಂದಕ್ಷರವನ್ನೂ ಬರೆಯುವವಳಲ್ಲ, ನಿನಗೆ ಗೊತ್ತಿದೆ.

ಆ ದಿನದ ವಿಚಾರವನ್ನು ಇಬ್ಬರೂ ಎತ್ತುವುದು ಬೇಡ. ಅಕ್ಷರಗಳನ್ನು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆ. ನಿನ್ನ ಕೈಬರಹ ಯಾವತ್ತೂ ಇರುವೆಗಳ ಸಾಲು.

ಅಕ್ಕ


೧೫ ಜೂನ್

ಪ್ರೀತಿಯ ಅಕ್ಕನಿಗೆ,

ಲಕೋಟೆ ಕೈಗಿಡುತ್ತಾ ಅಂಚೆಯವರು, "ಏನ್ರೀ, ನಿಮಗೂ ಕಾಗದ ಬರುತ್ತಾ!" ಎಂದು ನಕ್ಕರು. ನಾನೂ ನಕ್ಕೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಓದಿದೆ.

ಎತ್ತಬೇಡ ಎಂದಿದ್ದೀಯೆ, ಎತ್ತುವುದಿಲ್ಲ. ಆದರೆ ಅದು ಏನೆಂಬುದನ್ನು ಒಂದು ಸಾರಿ ಬರೆದು ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ಪ್ರತಿ ಪತ್ರದಲ್ಲೂ ನನ್ನ ಕೈ ಅಲ್ಲಿಗೇ ಹೋಗುತ್ತದೆ. ಸಂಗ್ರಹಾಲಯದ ಪಟ್ಟಿ ಪುಸ್ತಕ ಬಿಡುಗಡೆಯಾದ ದಿನ ಬೈರಿಗೆಯ ಚೀಟಿ ಪಕ್ಕದ ಖಾನೆಯಲ್ಲಿತ್ತು, ಪಕ್ಕದ್ದರ ಚೀಟಿ ಬೈರಿಗೆಯ ಖಾನೆಯಲ್ಲಿತ್ತು. ನೀನು ಅತಿಥಿಯಾಗಿ ಬಂದಿದ್ದೆ. ನಿರ್ದೇಶಕರ ಮುಂದೆ, ಅಷ್ಟು ಜನರ ಮುಂದೆ, "ಇದು ನನ್ನ ತಂಗಿಯ ಅಜಾಗರೂಕತೆ. ಚಿಕ್ಕಂದಿನಿಂದಲೂ ಹೀಗೇ" ಎಂದೆ. ಎರಡನೆಯ ಮುದ್ರಣದಲ್ಲಿ ನನ್ನ ಹೆಸರು ಇರಲಿಲ್ಲ. ನಾನು ಚೀಟಿ ಬದಲಿಸಿರಲಿಲ್ಲ, ಅಕ್ಕ. ಮುಗಿಯಿತು.

ಇಲ್ಲಿ ಎಲ್ಲವೂ ಮೊದಲಿನಂತೆಯೇ ಇದೆ. ಅದೇ ಮೂರು ಕೋಣೆ, ಅದೇ ಮರದ ಬೀರುಗಳು, ಎಳೆದರೆ ಕಿರುಗುಟ್ಟುವ ಅದೇ ಖಾನೆಗಳು. ನೋಡಲು ಬರುವವರಿಗೆ ಕೊರತೆಯಿಲ್ಲ. ಕೆಲವು ದಿನ ಮಕ್ಕಳ ಗಲಾಟೆಗೆ ತಲೆ ಚಿಟ್ಟು ಹಿಡಿಯುತ್ತದೆ.

ಹತ್ತಿಯಲ್ಲಿ ಸುತ್ತಿ ಮೂರು ಬೈರಿಗೆಗಳನ್ನು ಕಳಿಸಿದ್ದೇನೆ. ಎರಡನೆಯದರ ತುದಿ ಚೂರು ಮುಕ್ಕಾಗಿದೆ. ರಿಬ್ಬುಗಳು ಮೂರರಲ್ಲೂ ಚೆನ್ನಾಗಿ ಉಳಿದಿವೆ.

ನಿನ್ನ ಆರೋಗ್ಯ ಹೇಗಿದೆ? ಬರೆದಿಲ್ಲ.

ನಿನ್ನ ತಂಗಿ


೨ ಜುಲೈ

ತಂಗಿಗೆ ಆಶೀರ್ವಾದಗಳು.

ಚಿಪ್ಪುಗಳು ಸುರಕ್ಷಿತವಾಗಿ ತಲುಪಿದವು. "ರಿಬ್ಬು" ಎಂದು ಬರೆದಿದ್ದೀಯೆ. ಏಣು ಎಂಬ ಚೊಕ್ಕ ಪದವಿರುವಾಗ ಆ ದಾರಿದ್ರ್ಯವೇಕೆ? ಗುಡ್ಡಕ್ಕೆ ಏಣಿದೆ, ಕಲ್ಲಿಗೆ ಏಣಿದೆ, ಚಿಪ್ಪಿಗೂ ಇರಲಿ.

ವಿವರಣೆಯನ್ನು ಹೀಗೆ ಬರೆದಿದ್ದೇನೆ:

"ಎತ್ತರ ಹನ್ನೆರಡು ಮಿಲಿಮೀಟರ್, ಅಗಲ ಅದರ ಅರ್ಧಕ್ಕಿಂತ ತುಸು ಹೆಚ್ಚು. ಎರಡೂ ತುದಿ ಚೂಪು, ನಡು ಉಬ್ಬು. ಸುತ್ತುಗಳು ಆರು. ಮೊದಲ ಒಂದೂವರೆ ಸುತ್ತು ನುಣುಪಾಗಿದೆ; ಮರಿ ಮೊಟ್ಟೆಯೊಳಗಿದ್ದಾಗಲೇ ಮೂಡಿದ ಭಾಗವದು. ಉಳಿದ ಸುತ್ತುಗಳ ಮೇಲೆ ಮೇಲಿನಿಂದ ಕೆಳಕ್ಕಿಳಿಯುವ ದಪ್ಪ ಏಣುಗಳು. ಅವನ್ನು ಅಡ್ಡಲಾಗಿ ಹಾಯುವ ತೆಳುವಾದ ಎಳೆಗಳು. ಕೂಡುವಲ್ಲೆಲ್ಲ ಸಣ್ಣ ಗಂಟು. ಬಾಯಿ ಕಿರಿದು, ಬಲಕ್ಕೆ ತೆರೆದಿದೆ. ಹೊರತುಟಿ ದಪ್ಪ, ಅದರ ಒಳಬದಿಯಲ್ಲಿ ಐದು ಹಲ್ಲುಗಳು. ಬಾಯಿಯ ಬುಡದಲ್ಲಿ ಗಿಡ್ಡ ನಾಳ. ಕೊನೆಯ ಸುತ್ತಿನ ಮೇಲೆ ಏಣುಗಳು ಹತ್ತು."

ನಿನ್ನ ಅಳತೆಗಳೊಂದಿಗೆ ತಾಳೆ ನೋಡಿ ತಿಳಿಸು.

ನನ್ನ ಆರೋಗ್ಯಕ್ಕೇನೂ ಆಗಿಲ್ಲ. ಈಗ ಒಂದು ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ. ಹನ್ನೆರಡು ಮೆಟ್ಟಿಲು. ದಿನವಿಡೀ ಕೆಳಗೆ ಮಷೀನಿನ ಸದ್ದು; ನಿಂತರೆ ಊಟದ ಹೊತ್ತಾಯಿತೆಂದು ತಿಳಿಯುತ್ತದೆ. ಟೈಲರಮ್ಮ ನನ್ನ ಟಪಾಲನ್ನು ತಂದುಕೊಡುತ್ತಾರೆ. ಬಾಯಿ ಜೋರು, ಮನಸ್ಸು ಒಳ್ಳೆಯದು. ನಿನ್ನ ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು, "ಅಬ್ಬಾ ಮೇಡಂ, ಏನು ಅಚ್ಚುಕಟ್ಟಾಗಿ ನೆರಿಗೆ ಹಿಡಿದಿದ್ದಾರೆ ನೋಡಿ! ನನ್ನ ಕೈಲೂ ಆಗಲ್ಲ" ಎಂದರು. ನೆರಿಗೆಯಲ್ಲ, ಏಣು ಎಂದು ತಿದ್ದಿದೆ. "ಏನೋ ಒಂದು, ಇಸ್ತ್ರಿ ಬೇಡವಲ್ಲ" ಎಂದರು.

ಅಕ್ಕ


೧೩ ಜುಲೈ

ಪ್ರೀತಿಯ ಅಕ್ಕನಿಗೆ,

ಓದಿ ಜೋರಾಗಿ ನಕ್ಕುಬಿಟ್ಟೆ. ಹತ್ತೇ? ಒಂಬತ್ತು, ಅಕ್ಕ! ನೀನೇ ಕಲಿಸಿದ್ದು.

ಬಂಡೆಯ ಮೇಲೆ ನನ್ನನ್ನು ಕೂರಿಸಿ ಎಣಿಸು ಎನ್ನುತ್ತಿದ್ದೆ. ನಾನು ಎಂಟು ಎನ್ನುತ್ತಿದ್ದೆ. ನನ್ನ ಕಿವಿ ಹಿಂಡಿ, "ಇನ್ನೊಂದು ಎಲ್ಲಿ ಹೋಯ್ತು? ಹುಡುಕು" ಎನ್ನುತ್ತಿದ್ದೆ. ಒಂಬತ್ತನೆಯದು ಬಾಯಿಯ ತುಟಿಯೇ. ಬೈರಿಗೆ ಬೆಳೆಯುತ್ತಾ ಬೆಳೆಯುತ್ತಾ ನಿಂತುಬಿಡುತ್ತದೆ, ನಿಂತ ಕಡೆ ತುಟಿ ದಪ್ಪವಾಗುತ್ತದೆ, ಮತ್ತೆ ಬೆಳೆಯಲು ಹೊರಟಾಗ ಆ ತುಟಿ ಏಣಾಗಿ ಹಿಂದೆ ಉಳಿಯುತ್ತದೆ, ಪ್ರತಿ ಏಣೂ ಒಂದಾನೊಂದು ಕಾಲದಲ್ಲಿ ಅದರ ತುಟಿಯಾಗಿತ್ತು, ಆದ್ದರಿಂದ ಈಗಿನ ತುಟಿಯನ್ನು ಬಿಟ್ಟು ಎಣಿಸುವವರು ದಡ್ಡರು ಎಂದು ನೀನು ಹೇಳಿದ ಪಾಠ ನನಗೆ ಇವತ್ತಿಗೂ ಬಾಯಿಪಾಠ. ಎಂಟು ಹೇಳಿ ಬೈಸಿಕೊಂಡವರಿದ್ದಾರೆ. ಹತ್ತು ಹೇಳಿದವರನ್ನು ನಾನು ನೋಡಿಯೇ ಇಲ್ಲ.

ಆದರೂ ನಿನ್ನೆ ಖಾನೆ ತೆರೆದು ಮೂವತ್ತು ಚಿಪ್ಪು ಎಣಿಸಿದೆ. ಮೂವತ್ತರಲ್ಲೂ ಒಂಬತ್ತು. ಇನ್ನೂ ಎರಡು ಕಳಿಸಿದ್ದೇನೆ. ಹತ್ತಿ ಮುಗಿದಿತ್ತು, ಯಾವುದೋ ಹಳೇ ಕಾಗದ ಸುತ್ತಿದ್ದೇನೆ, ಬೇಸರಪಡಬೇಡ.

ಇನ್ನೊಂದು ವಿಷಯ ನಿನ್ನನ್ನು ಕೇಳಬೇಕಿತ್ತು. ಈ ಎಣಿಕೆ ಮುಗಿಯಲಿ, ಮುಂದಿನ ಪತ್ರದಲ್ಲಿ ಕೇಳುತ್ತೇನೆ.

ನಿನ್ನ ತಂಗಿ


೧ ಆಗಸ್ಟ್

ತಂಗಿಗೆ,

ಐದೂ ಚಿಪ್ಪುಗಳನ್ನು ಎರಡೆರಡು ಬಾರಿ ಪರೀಕ್ಷಿಸಲಾಯಿತು. ಐದರಲ್ಲೂ ಹತ್ತು. ಒಂದು ಚಿಪ್ಪಿನಲ್ಲಾದರೆ ಕಣ್ತಪ್ಪು ಎನ್ನಬಹುದು. ಐದು ಚಿಪ್ಪುಗಳು ಒಟ್ಟಿಗೆ ಸುಳ್ಳು ಹೇಳುವುದಿಲ್ಲ.

ಬೈರಿಗೆಗೆ ಒಂಬತ್ತು ಏಣುಗಳೆಂಬುದು ನನಗೂ ಗೊತ್ತಿರುವ ಸಂಗತಿಯೇ. ಹಾಗಾದರೆ ನೀನು ಕಳುಹಿಸಿದ್ದು ಬೈರಿಗೆಯಲ್ಲ. ಪಕ್ಕದ ಖಾನೆಯದನ್ನು ಕಳುಹಿಸಿದ್ದೀಯೆ, ಇಲ್ಲವೇ ಖಾನೆಯೇ ಕಲಬೆರಕೆಯಾಗಿದೆ. ಹನ್ನೊಂದು ವರ್ಷಗಳಾದರೂ ಅಭ್ಯಾಸ ಬದಲಾದಂತೆ ಕಾಣಲಿಲ್ಲ. ಮಕ್ಕಳು ಓದುವ ಪುಸ್ತಕವಿದು. ನಿಮ್ಮ ಸಂಗ್ರಹಾಲಯದ ಚೀಟಿಗಳನ್ನು ನಂಬಲಾಗದೆಂಬ ಅಡಿಟಿಪ್ಪಣಿಯನ್ನು ಹಾಕದೆ ನನಗೆ ಬೇರೆ ದಾರಿಯಿಲ್ಲ.

ನೀನು ನಕ್ಕದ್ದು ನನಗೆ ಹಿಡಿಸಲಿಲ್ಲ.

ಅಕ್ಕ


೯ ಆಗಸ್ಟ್

ಅಕ್ಕನಿಗೆ,

ಅಡಿಟಿಪ್ಪಣಿ ಹಾಕು. ಚಿಪ್ಪುಗಳನ್ನು ಹಿಂದಿರುಗಿಸುವ ಅಗತ್ಯವಿಲ್ಲ.

ಕೇಳಬೇಕೆಂದಿದ್ದ ವಿಷಯವನ್ನು ಇನ್ನು ಕೇಳುವುದಿಲ್ಲ. ಒಂದು ಕಾಗದಕ್ಕೆ ಸಹಿ ಹಾಕಬೇಕಾಗಿತ್ತು, ಇವತ್ತು ಹಾಕಿದೆ. ನಿನಗೆ ಸಂಬಂಧಿಸಿದ್ದಲ್ಲ.

ತಂಗಿ


೩೦ ಆಗಸ್ಟ್

ತಂಗಿಗೆ ಆಶೀರ್ವಾದಗಳು.

ಚಿಪ್ಪಿನ ಬಾಯಿಗಿರುವ ಮುಚ್ಚಳದ ಬಣ್ಣವನ್ನು ನಮೂದಿಸುವುದು ಬಾಕಿಯಿದೆ. ಜೀವ ಒಳಗೆ ಸರಿದುಕೊಂಡಾಗ ಬಾಗಿಲಿನಂತೆ ಮುಚ್ಚಿಕೊಳ್ಳುವ ಆ ಬಿಲ್ಲೆ ಕಂದು ಬಣ್ಣದ್ದೋ ಹಳದಿಯೋ? ಒಂದು ಸಾಲು ಬರೆದರೆ ಸಾಕು.

ನೀನು ಸಹಿ ಹಾಕಿದ ಕಾಗದ ಯಾವುದು?

ಅಕ್ಕ


೨೭ ಸೆಪ್ಟೆಂಬರ್

ತಂಗಿಗೆ,

ಮುಚ್ಚಳದ ಬಣ್ಣ ಅಷ್ಟೇನೂ ಮುಖ್ಯವಲ್ಲ, ಬಿಟ್ಟುಬಿಟ್ಟೆ.

ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಬೇಕೆಂದು ಮೂವತ್ತಾರು ವರ್ಷ ಪಟ್ಟು ಹಿಡಿದವಳು ನಾನು. ಟೈಲರಮ್ಮ ನೆಂಟರ ಮನೆಗೆ ಹೋಗಿ ಒಂಬತ್ತು ದಿನವಾಯಿತು; ಮಷೀನು ನಿಂತಿದೆ. ಈಗ ಸೂಜಿ ಬಿದ್ದರೆ ಕೇಳುತ್ತದೆ. ಬೀಳಿಸುವವರಿಲ್ಲ.

ಈ ಪತ್ರವನ್ನು ನಾನೇ ಅಂಚೆ ಡಬ್ಬಿಯವರೆಗೆ ಹೋಗಿ ಹಾಕುತ್ತಿದ್ದೇನೆ.

ಅಕ್ಕ


೨೦ ಅಕ್ಟೋಬರ್

ಪ್ರೀತಿಯ ಅಕ್ಕನಿಗೆ,

ನಿನ್ನ ಕಡೆಯ ಪತ್ರ ಮೂರು ವಾರದಿಂದ ನನ್ನ ಮೇಜಿನ ಮೇಲಿದೆ. ಉತ್ತರ ಬರೆಯಬಾರದೆಂದೇ ಇಟ್ಟಿದ್ದೆ. ಆದರೆ ದಿನಾ ಕಣ್ಣಿಗೆ ಬೀಳುತ್ತಿತ್ತು. "ಸೂಜಿ ಬಿದ್ದರೂ" ಎಂಬ ಸಾಲಿನ ಮೇಲೆಯೇ "ಟೈಲರಮ್ಮ ನೆಂಟರ ಮನೆಗೆ" ಎಂಬ ಸಾಲನ್ನು ಬರೆದಿದ್ದೀಯೆ. ಒಂದರ ಮೇಲೊಂದು. ಬಿಡಿಸಿಕೊಂಡು ಓದಲು ನನಗೆ ಕಾಲು ಗಂಟೆ ಹಿಡಿಯಿತು. ಕೊನೆಯ ಸಾಲು ಕಾಗದದ ಅಂಚು ದಾಟಿ ಹೋಗಿದೆ. ಉಳಿದ ಅಕ್ಷರಗಳು ನಿನ್ನ ಮೇಜಿನ ಮೇಲೆ ಇರಬೇಕು. ಗೆರೆಯಿಲ್ಲದ ಹಾಳೆಯಲ್ಲೂ ದಾರ ಹಿಡಿದಂತೆ ಬರೆಯುತ್ತಿದ್ದವಳು ನೀನು.

ಆಮೇಲೆ ಆ ಹತ್ತು ನೆನಪಾಯಿತು. ಒಂದು ಬೈರಿಗೆಯನ್ನು ಬಾಯಿ ಮೇಲೆ ಮಾಡಿ ಮೇಜಿನ ಮೇಲಿಟ್ಟು ನೋಡಿದೆ. ಈ ಮಗ್ಗುಲಲ್ಲಿ ತುಟಿಯೂ ಸೇರಿ ಐದು ಕಾಣುತ್ತವೆ. ತಿರುಗಿಸಿದರೆ ಹಿಂದೆ ನಾಲ್ಕು. ತಿರುಗಿಸದೆ, ಮುಂದೆ ಐದಿದ್ದರೆ ಹಿಂದೆಯೂ ಐದು ಎಂದು ದುಪ್ಪಟ್ಟು ಮಾಡಿದರೆ ಹತ್ತು. ನೀನು ಸತ್ತರೂ ಹಾಗೆ ಎಣಿಸುವವಳಲ್ಲ. ಆದರೆ ಲಂಗದ ನೆರಿಗೆಯನ್ನು ಹಾಗೆಯೇ ಎಣಿಸುತ್ತಾರೆ.

ಅಕ್ಕ, ಇಲ್ಲಿಂದ ಮುಂದಿನದು ನಿನಗಲ್ಲ.

ಈ ಕಾಗದವನ್ನು ಓದಿ ಹೇಳುತ್ತಿರುವ ಟೈಲರಮ್ಮನವರಿಗೆ ನಮಸ್ಕಾರ. ದಯವಿಟ್ಟು ಒಂದು ಬೈರಿಗೆಯನ್ನು ಕೈಗೆ ತೆಗೆದುಕೊಳ್ಳಿ. ಮುಂದಿನ ಏಣುಗಳನ್ನು ಎಣಿಸಿ, ತಿರುಗಿಸಿ, ಹಿಂದಿನವನ್ನೂ ಎಣಿಸಿ. ಇದರಲ್ಲಿ ನಿಮ್ಮ ತಪ್ಪಿಲ್ಲ. ಬಟ್ಟೆಗೆ ಸರಿಯಾದ ಲೆಕ್ಕ ಚಿಪ್ಪಿಗೆ ಸರಿಹೋಗಲಿಲ್ಲ, ಅಷ್ಟೇ. ಆಮೇಲೆ ನಮ್ಮ ಅಕ್ಕನ ಮುಖ ಹೇಗಿದೆ ಎಂದು ನೋಡಿ ನನಗೆ ಒಂದು ಸಾಲು ಬರೆಯಿರಿ. ಆಕೆ ಬರೆಯುವುದಿಲ್ಲ.

ನಿನ್ನ ತಂಗಿ


೨೮ ಅಕ್ಟೋಬರ್

ತಂಗಿಗೆ ಆಶೀರ್ವಾದಗಳು.

ನಾನೇ ಬರೆಯುತ್ತಿದ್ದೇನೆ. ಮೊದಲೆಲ್ಲ ಟೈಲರಮ್ಮ ಪಕ್ಕದಲ್ಲಿ ಕುಳಿತು ಸಾಲು ಹಿಡಿಸುತ್ತಿದ್ದರು; ಈಗ ಕಾಗದದ ಮೇಲೆ ಸಾಲಿಗೊಂದರಂತೆ ದಾರ ಹೊಲಿದುಕೊಟ್ಟಿದ್ದಾರೆ, ಬೆರಳಿಗೆ ತಗಲುತ್ತದೆ. ಇನ್ನು ಸಾಲುಗಳು ಒಂದರ ಮೇಲೊಂದು ಹತ್ತುವುದಿಲ್ಲ.

ನಡೆದುದನ್ನು ನಡೆದಂತೆ ಬರೆಯುತ್ತೇನೆ. "ಇಲ್ಲಿಂದ ಮುಂದಿನದು ನಿನಗಲ್ಲ" ಎಂಬಲ್ಲಿಗೆ ಟೈಲರಮ್ಮ ನಿಲ್ಲಿಸಿದರು.

"ಯಾಕೆ ನಿಲ್ಲಿಸಿದಿರಿ?" ಎಂದೆ.

"ಮೇಡಂ, ಇಲ್ಲಿ ನನಗೇ ಏನೋ ಬರೆದಿದ್ದಾರೆ."

"ನಿಮಗೆ ಯಾಕೆ ಬರೀತಾಳೆ? ಓದಿ."

"ನಮಸ್ಕಾರ ಅಂದಿದ್ದಾರೆ. ಮೊದಲು ನಾನೂ ನಮಸ್ಕಾರ ಮಾಡ್ತೀನಿ, ತಾಳಿ" ಎಂದು ಕಾಗದಕ್ಕೆ ಕೈಮುಗಿದರಂತೆ. ಓದಿ ಮುಗಿಸಿ ಚಿಪ್ಪನ್ನು ಕೈಗೆತ್ತಿಕೊಂಡು ತಿರುಗಿಸಿದರು. ಆಮೇಲೆ, "ಹೌದು ಮೇಡಂ, ದುಪ್ಪಟ್ಟು ಮಾಡಿದ್ದೆ. ನೀವಾದ್ರೂ ಒಂದು ಸಲ ಕೇಳಬಾರದಿತ್ತಾ, ಹೇಗೆ ಎಣಿಸಿದೆ ಅಂತ?" ಎಂದರು. ಮೂವತ್ತಾರು ವರ್ಷ ಮಕ್ಕಳನ್ನು ನಾನು ಕೇಳುತ್ತಿದ್ದ ಪ್ರಶ್ನೆಯದು. ಉತ್ತರ ಮುಖ್ಯವಲ್ಲ, ಹೇಗೆ ಮಾಡಿದೆ ಹೇಳು. ಅದನ್ನೇ ನಾನು ಕೇಳಿರಲಿಲ್ಲ. ಕೇಳಿದ್ದರೆ, ಎಣಿಸಿದವಳು ನಾನಲ್ಲವೆಂದು ನಿನಗೆ ಬರೆಯಬೇಕಾಗುತ್ತಿತ್ತು.

ಒಂದು ಏಣಿನ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಮೆತ್ತಿದರು. ಅಲ್ಲಿಂದ ನನ್ನ ಹೆಬ್ಬೆರಳಿನ ಉಗುರಿನಲ್ಲಿ ನಾನು, ಕಣ್ಣಿನಲ್ಲಿ ಅವರು, ಒಟ್ಟಿಗೆ ಎಣಿಸುತ್ತಾ ಬಂದೆವು. ದುಂಡಾದುದರ ಮೇಲೆ ಆರಂಭ ಎಲ್ಲೆಂದು ತಿಳಿಯದೆ ನಾನು ಹಿಂದೆ ಹಲವು ಸಾರಿ ಸೋತಿದ್ದೆ. ಈ ಸಾರಿ ಉಗುರಿಗೆ ಸುಣ್ಣ ಹತ್ತಿದಾಗ ನಿಂತೆ. ಒಂಬತ್ತು.

ನನಗೆ ಎರಡು ವರ್ಷದಿಂದ ಸಣ್ಣ ಅಕ್ಷರ, ಸಣ್ಣ ವಸ್ತು ಕಾಣಿಸುವುದಿಲ್ಲ. ದೊಡ್ಡದೆಲ್ಲ ಚೆನ್ನಾಗಿಯೇ ಕಾಣುತ್ತದೆ, ಗಾಬರಿಯಾಗಬೇಡ.

ಇನ್ನು ಎರಡನೆಯದು. ಟಿಪ್ಪಣಿ ಪುಸ್ತಕದ ಪುಟ ಮಾಸಿಲ್ಲ. ಬಿಡುಗಡೆಯ ಹಿಂದಿನ ದಿನ ಖಾನೆಗಳನ್ನು ಪರಿಶೀಲಿಸಲು ನಾನೊಬ್ಬಳೇ ಬೀರುವಿನ ಮುಂದೆ ಕುಳಿತಿದ್ದೆ. ಎರಡು ಚೀಟಿಗಳನ್ನು ಹೊರತೆಗೆದಿದ್ದೆ. ಊರಿಗೆ ಮರಳಿದ ವಾರ ಆ ಪುಸ್ತಕವನ್ನು ತೆರೆದಾಗ ನನ್ನದೇ ಕೈಬರಹದಲ್ಲಿ ಇತ್ತು: ಹದಿನಾಲ್ಕರಿಂದ ತೆಗೆದದ್ದು, ಹದಿನೈದಕ್ಕೆ ಇಟ್ಟದ್ದು. ಚೀಟಿ ಬದಲಿಸಿದವಳು ನಾನು. ಅಂದಿನಿಂದ ಗೊತ್ತು. ಹನ್ನೊಂದು ವರ್ಷ ಗೊತ್ತಿದ್ದೂ ಬರೆಯಲಿಲ್ಲ. ಇದಕ್ಕೆ ಕ್ಷಮೆ ಕೇಳುವ ಯೋಗ್ಯ ವಾಕ್ಯವನ್ನು ರಚಿಸಲು ನನ್ನಿಂದಾಗಿಲ್ಲ. ಅಂದಿನ ನಿರ್ದೇಶಕರಿಗೆ ಎಲ್ಲವನ್ನೂ ಬರೆದು ಟಪಾಲಿಗೆ ಹಾಕಿದ್ದೇನೆ.

ಮೂರನೆಯದು. ಕಳೆದ ಸಲ ಚಿಪ್ಪಿಗೆ ಸುತ್ತಿದ್ದ ಕಾಗದವನ್ನು ಟೈಲರಮ್ಮ ನಿನ್ನೆ ಬಿಡಿಸಿ ಓದಿದರು. ಅದು ನಿಮ್ಮ ಸಂದರ್ಶಕರ ಪುಸ್ತಕದ ಕೊನೆಯ ಹಾಳೆ. ಕೊನೆಯ ಸಹಿ ಫೆಬ್ರವರಿ ಆರರದು. ಅಭಿಪ್ರಾಯದ ಜಾಗದಲ್ಲಿ "ಬಾಗಿಲು ಮುಚ್ಚುವುದಕ್ಕೆ ಮುಂಚೆ ನೋಡಿದ್ದು ಸಂತೋಷ" ಎಂದಿದೆ. ಮಕ್ಕಳ ಗಲಾಟೆಗೆ ನಿನಗೆ ತಲೆ ಚಿಟ್ಟು ಹಿಡಿದದ್ದು ಹೇಗೆ?

ನನ್ನ ಕೋಣೆಯಲ್ಲಿ ಉತ್ತರಕ್ಕೊಂದು ಕಿಟಕಿಯಿದೆ. ನೆರಳು ಬೀಳದ ಬೆಳಕು. ಸಣ್ಣ ಕೆಲಸಕ್ಕೆ ಹೇಳಿಮಾಡಿಸಿದ್ದು. ಅದರ ಕೆಳಗಿನ ಮೇಜನ್ನು ಖಾಲಿ ಮಾಡಿಸಿದ್ದೇನೆ. ಬಾ.

ಅಕ್ಕ

ನಾನು ಟೈಲರು. ಮುಖ ಹೇಗಿದೆ ಬರೀರಿ ಅಂದಿದ್ದಿರಿ. ನಗ್ತಾ ಇದ್ದಾರೆ ಅನ್ನೋ ಹಾಗಿಲ್ಲ. ಆದರೆ ಬೆಳಗ್ಗೆಯಿಂದ ನನ್ನನ್ನು ಒಂದು ಸಲಾನೂ ತಿದ್ದಿಲ್ಲ.


೬ ನವೆಂಬರ್

ಪ್ರೀತಿಯ ಅಕ್ಕನಿಗೆ,

ನಿನ್ನ "ಬಾ" ಎಂಬುದನ್ನು ಎಷ್ಟು ಸಲ ಓದಿದೆನೋ.

ಜೂನ್‌ನಲ್ಲಿ ಮೊದಲ ಪತ್ರ ಬರುವ ಹೊತ್ತಿಗೆ ಇಲ್ಲಿ ಬಾಗಿಲು ಹಾಕಿ ನಾಲ್ಕು ತಿಂಗಳಾಗಿತ್ತು. ಚಿಪ್ಪುಗಳೆಲ್ಲ ದೂರದ ಒಂದು ದೊಡ್ಡ ಸಂಸ್ಥೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಅವುಗಳ ಜೊತೆ ನಾನೂ ಬರುವೆನೋ, ಕೆಲಸ ಬಿಡುವೆನೋ, ಆಗಸ್ಟ್ ಹತ್ತರೊಳಗೆ ಹೇಳಬೇಕಿತ್ತು. ಕೆಲಸ ಬಿಟ್ಟು ನಿನ್ನ ಜೊತೆ ಬಂದು ಇರಲಾ? ಇದೇ ನಾನು ಕೇಳಬೇಕೆಂದಿದ್ದುದು. ಅಷ್ಟರಲ್ಲಿ ಐದು ಚಿಪ್ಪಿನ ಪತ್ರ ಬಂತು. ಒಂಬತ್ತರಂದು ಸಹಿ ಹಾಕಿದೆ. ಮೂರು ವರ್ಷದ ಒಪ್ಪಂದ. ನಾನಿಲ್ಲದೆ ಯಾವ ಚೀಟಿ ಯಾವ ಖಾನೆಯದೆಂದು ಅಲ್ಲಿ ಹೇಳುವವರಿಲ್ಲ. ಹಿಂದೆಗೆದರೆ ಇಡೀ ಸಂಗ್ರಹ ಗೋಣಿಚೀಲದ ಪಾಲಾಗುತ್ತದೆ. ನೀನಾದರೂ ಹಿಂದೆಗೆಯುತ್ತಿರಲಿಲ್ಲ.

ಚೀಟಿಯ ವಿಷಯ ಓದಿ ಒಂದು ದಿನ ಸಿಟ್ಟಿನಲ್ಲಿದ್ದೆ. ಅಳಲಿಲ್ಲ. ಎರಡನೆಯ ದಿನ ಹದಿನಾಲ್ಕು, ಹದಿನೈದನೆಯ ಖಾನೆಗಳನ್ನು ಎಳೆದು ನೋಡಿದೆ. ಈಗ ಸರಿಯಾಗಿವೆ. ಹನ್ನೊಂದು ವರ್ಷದಿಂದ ಸರಿಯಾಗಿಯೇ ಇವೆ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ರೈಲು ನಿನ್ನ ಊರಿನ ಮೇಲೆ ಹಾದುಹೋಗುತ್ತದೆ. ಹದಿನೆಂಟನೆಯ ತಾರೀಕು ಬೆಳಗ್ಗೆ ಹನ್ನೊಂದಕ್ಕೆ, ಇಪ್ಪತ್ತು ನಿಮಿಷ ನಿಲ್ಲುತ್ತದೆ. ಪೆಟ್ಟಿಗೆಗಳನ್ನು ಬಿಟ್ಟು ದೂರ ಹೋಗುವಂತಿಲ್ಲ. ಎರಡನೆಯ ಪ್ಲಾಟ್‌ಫಾರಂ, ನೀರಿನ ನಲ್ಲಿಯ ಹತ್ತಿರ ಇಳಿದು ನಿಂತಿರುತ್ತೇನೆ.

ನಿನ್ನ ತಂಗಿ


೨೫ ನವೆಂಬರ್

ಅಕ್ಕನಿಗೆ,

ತಲುಪಿದ್ದೇನೆ. ನೂರಾ ಎಂಟು ಪೆಟ್ಟಿಗೆಗಳಲ್ಲಿ ಒಂದೂ ಒಡೆದಿಲ್ಲ. ಉದ್ದನೆಯ ಕಾರಿಡಾರು, ಬಿಳಿಯ ದೀಪ, ಕಬ್ಬಿಣದ ಬೀರು. ಖಾನೆಗಳು ಕಿರುಗುಟ್ಟುವುದಿಲ್ಲ. ಇಲ್ಲಿಯ ಮುಖ್ಯಸ್ಥರು ಮೊದಲ ದಿನವೇ ಕರೆದು ಕಾಗದವೊಂದನ್ನು ಮುಂದಿಟ್ಟರು. ನೀನು ಹಳೆಯ ನಿರ್ದೇಶಕರಿಗೆ ಬರೆದದ್ದು; ಅವರು ಇಲ್ಲಿಗೆ ಕಳಿಸಿದ್ದಾರೆ. "ಮುಂದಿನ ಪಟ್ಟಿಯಲ್ಲಿ ನಿಮ್ಮ ಹೆಸರು ಇರುತ್ತೆ" ಎಂದರು. ಆಗಲಿ ಎಂದೆ. ಸಂತೋಷವಾಗಬೇಕಿತ್ತು. ಆಯಿತು ಕೂಡ. ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಅಕ್ಕ, ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ನನ್ನ ಕೈ ಹಿಡಿದುಕೊಂಡಿದ್ದೆ, ನಿಜ. ಏಣುಗಳ ಬಗ್ಗೆ ಮಾತಾಡಿದೆ, ಮೆಟ್ಟಿಲುಗಳ ಬಗ್ಗೆ ಮಾತಾಡಿದೆ. ಆದರೆ ಇಪ್ಪತ್ತು ನಿಮಿಷದಲ್ಲಿ ನೀನು ನನ್ನ ಮುಖ ನೋಡಿದ್ದು ಒಂದೇ ಒಂದು ಸಲ. ಮೊದಲು ಒಂದು ಕ್ಷಣ ನೋಡಿದೆ, ತಕ್ಷಣ ಆಚೆ ತಿರುಗಿಬಿಟ್ಟೆ. ಆಮೇಲೆ ಪೂರ್ತಿ ಆ ನೀರಿನ ನಲ್ಲಿಯನ್ನೇ ನೋಡುತ್ತಿದ್ದೆ. ದೊಡ್ಡದೆಲ್ಲ ಚೆನ್ನಾಗಿ ಕಾಣುತ್ತದೆಂದು ನೀನೇ ಬರೆದಿದ್ದೆ. ನನ್ನ ಮುಖ ಅಷ್ಟು ಚಿಕ್ಕದೇ? ತಪ್ಪು ಒಪ್ಪಿಕೊಂಡದ್ದಕ್ಕೆ ನನ್ನ ಮೇಲೆಯೇ ಮುನಿಸೋ? ಅಥವಾ ನಾನು ಮುದುಕಿಯಾದದ್ದನ್ನು ನೋಡಲಾಗಲಿಲ್ಲವೋ? ರೈಲು ಹೊರಟ ಮೇಲೂ ನೀನು ಆ ನಲ್ಲಿಯ ಕಡೆಗೇ ತಿರುಗಿ ನಿಂತಿದ್ದೆ. ಕಿಟಕಿಯಿಂದ ನಾನು ನೋಡುತ್ತಿದ್ದೆ.

ತಂಗಿ


೩ ಡಿಸೆಂಬರ್

ಪ್ರೀತಿಯ ತಂಗಿಗೆ,

ಕೈಪಿಡಿ ಅಚ್ಚಿಗೆ ಹೋಯಿತು. ಬೈರಿಗೆಯ ವಿವರಣೆಯ ಕೊನೆಯನ್ನು ಹೀಗೆ ತಿದ್ದಿದ್ದೇನೆ: "ಕೊನೆಯ ಸುತ್ತಿನ ಮೇಲೆ, ತುಟಿಯೂ ಸೇರಿದಂತೆ, ಏಣುಗಳು ಒಂಬತ್ತು. ಅಳತೆ ನನ್ನ ತಂಗಿಯದು. ಎಣಿಕೆ ಕೆಳಗಿನ ಅಂಗಡಿಯ ಟೈಲರಮ್ಮನವರದು. ಮೊದಲು ಆದ ತಪ್ಪು ನನ್ನದು." ಅಡಿಟಿಪ್ಪಣಿಯನ್ನು ತೆಗೆದುಹಾಕಿದ್ದೇನೆ. ಟೈಲರಮ್ಮ ತಮ್ಮ ಹೆಸರು ಅಚ್ಚಾಗುವುದೆಂದು ಎರಡು ದಿನದಿಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಾರೆ. ನಿನ್ನ ಪತ್ರದ ಎರಡನೆಯ ಭಾಗವನ್ನು ಮಾತ್ರ ಅವರು ಬಹಳ ಮೆಲ್ಲಗೆ ಓದಿದರು. ಓದಿ, "ನೀವೇ ಹೇಳಿಬಿಡಿ ಮೇಡಂ, ಇಲ್ಲದಿದ್ದರೆ ನಾನು ಬರೀತೀನಿ" ಎಂದರು. ಆದುದರಿಂದ ಬರೆಯುತ್ತ ಇದ್ದೇನೆ.

ದೊಡ್ಡದೆಲ್ಲ ಕಾಣುತ್ತದೆಂದು ಬರೆದದ್ದು ಸುಳ್ಳು. ನೀನು ಗಾಬರಿಯಿಂದಲ್ಲದೆ ನಿನ್ನ ಇಷ್ಟದಿಂದ ಬರಲಿ ಎಂದು ಹಾಗೆ ಬರೆದೆ. ನನ್ನ ಕಣ್ಣಿನ ನಡುಭಾಗ ಹೋಗಿದೆ, ಅಂಚು ಉಳಿದಿದೆ. ಏನನ್ನು ನೇರವಾಗಿ ನೋಡುತ್ತೇನೋ ಅದೇ ಅಳಿಸಿಹೋಗುತ್ತದೆ; ಅಲ್ಲಿ ಬೂದು ಬಣ್ಣದ ಒಂದು ಕಲೆ ಕೂರುತ್ತದೆ. ನೋಡದೆ ಬಿಟ್ಟದ್ದು ಮಾತ್ರ ಪಕ್ಕದಲ್ಲಿ ಮಸುಕುಮಸುಕಾಗಿ ಬಂದು ನಿಲ್ಲುತ್ತದೆ. ಪುಸ್ತಕ ನೋಡಿದರೆ ಪುಸ್ತಕವಿಲ್ಲ. ಚಿಪ್ಪು ನೋಡಿದರೆ ಚಿಪ್ಪಿಲ್ಲ.

ಪ್ಲಾಟ್‌ಫಾರಮ್ಮಿನಲ್ಲಿ ಮೊದಲು ನಿನ್ನ ಮುಖವನ್ನೇ ನೋಡಿದೆ. ನೀನು ಇರಲಿಲ್ಲ. ಹೆದರಿ ನಲ್ಲಿಯ ಕಡೆ ಕಣ್ಣು ತಿರುಗಿಸಿದೆ. ಆಗ ನೀನು ಬಂದೆ. ನರೆತ ಕೂದಲು, ಅಮ್ಮನ ಹಾಗೆ ಒಂದು ಕಡೆಗೆ ವಾಲಿಸಿದ ತಲೆ, ನೀಲಿಯೋ ಹಸಿರೋ ಒಂದು ಶಾಲು. ನಲ್ಲಿ ತೊಟ್ಟಿಕ್ಕುತ್ತಿತ್ತೆಂದು ನನ್ನನ್ನು ಅಲ್ಲಿಗೆ ಕರೆತಂದಿದ್ದ ಟೈಲರಮ್ಮ ಹೇಳುತ್ತಾರೆ. ನನಗೆ ಅದು ಕಾಣಲಿಲ್ಲ. ಇಪ್ಪತ್ತು ನಿಮಿಷವೂ, ರೈಲು ಹೊರಟ ಮೇಲೂ, ನಾನು ಆ ನಲ್ಲಿಯಿಂದ ಕಣ್ಣು ಕೀಳಲಿಲ್ಲ.

ಅಕ್ಕ